ನಿಧಾನದ ಭಾಗ ಬೇಡವೆಂದವರು

ಕಳೆದ ತಿಂಗಳು ಹಲ್ಲು ಕೀಳಿಸಲು ಮಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಈಗಿನ ಹಲ್ಲಿನ ಕ್ಲಿನಿಕ್ಕೆಂದರೆ ಗೊತ್ತಲ್ಲ, ಮೆತ್ತನೆಯ ಸೋಫಾ, ಏಸಿ, ಮೂಲೆಯಲ್ಲಿ ಪ್ಲಾಸ್ಟಿಕ್ ಬಿದಿರು. ದವಡೆ ಹಿಡಿದುಕೊಂಡು ನನ್ನ ಸರದಿಗೆ ಕಾಯುತ್ತಿದ್ದಾಗ ಮೇಲಿನ ಸ್ಪೀಕರಿನಿಂದ ಚೆಲ್ಲೊ ಕೇಳತೊಡಗಿತು. ಪಿಟೀಲಿನ ಜಾತಿಯದೇ ವಾದ್ಯ ಅದು. ಆದರೆ ಬಹಳ ದೊಡ್ಡದು, ಕುರ್ಚಿಯಲ್ಲಿ ಕುಳಿತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸಬೇಕು. ನಾಲ್ಕು ಸ್ವರ ಕೇಳುವಷ್ಟರಲ್ಲಿ ನನ್ನ ಎಡಗೈ ಬೆರಳುಗಳು ಸೆರಗಿನ ಮೇಲೆ ತಾವಾಗಿಯೇ ಒತ್ತತೊಡಗಿದವು. ಇನ್ನೂರೈವತ್ತು ವರ್ಷಗಳ ಹಿಂದೆ ಯಾವುದೋ ಜರ್ಮನ್ ದೊರೆಯ ಆಸ್ಥಾನದಲ್ಲಿ ಸಂಬಳಕ್ಕಿದ್ದ ಸಂಗೀತಗಾರನೊಬ್ಬ ಬರೆದ ಚೆಲ್ಲೊ ಕಾನ್ಸರ್ಟೊ ಅದು, ಒಬ್ಬರು ಮುಂದೆ ಕುಳಿತು ಆರ್ಕೆಸ್ಟ್ರಾದ ಜೊತೆ ನುಡಿಸುವ ಮೂರು ಭಾಗಗಳ ಕೃತಿ. ಅದರ ನಡುವಿನ, ನಿಧಾನದ ಭಾಗ.

ಎದ್ದು ಹೋಗಿ ಕೌಂಟರಿನ ಹುಡುಗಿಯನ್ನು ಕೇಳಿದೆ, “ಇದನ್ನು ಯಾಕಮ್ಮ ಹಾಕಿದ್ದು?”

“ರಿಲ್ಯಾಕ್ಸ್ ಆಗ್ಲಿಕ್ಕೆ ಆಂಟಿ. ಪೇಷಂಟ್ಸಿಗೆ ಟೆನ್ಷನ್ ಆಗ್ಬಾರ್ದಲ್ಲ. ಡಾಕ್ಟ್ರೇ ಸೆಲೆಕ್ಟ್ ಮಾಡಿದ್ದು.”

ರಿಲ್ಯಾಕ್ಸ್ ಅಂತೆ ರಿಲ್ಯಾಕ್ಸ್! ನನಗೆ ಸಿಟ್ಟು ನೆತ್ತಿಗೇರಿತು. ಹಲ್ಲುನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಳಗೆ ಯಾರದೋ ದವಡೆ ಕೊರೆಯುವ ಸದ್ದು ಹೊರಗೆ ಕೇಳದಿರಲಿ ಎಂದು ಆ ಸಂಗೀತವನ್ನು ಪರದೆಯ ಹಾಗೆ ಇಳಿಬಿಟ್ಟಿದ್ದರು. ಆ ಹುಡುಗಿ ಏನು ಮಾಡೀತು ಪಾಪ, ಅದನ್ನು ಬೈದು ಪ್ರಯೋಜನವಿಲ್ಲ. ಬೈಯಬೇಕಾದವರು ಬೇರೆ ಇದ್ದಾರೆ. ಇಷ್ಟು ವರ್ಷ ಅವರನ್ನು ಮನಸ್ಸಿನೊಳಗೇ ಬೈಯುತ್ತ ಬಂದೆ. ಇನ್ನು ಬರೆದೇ ಬೈಯುತ್ತೇನೆ.

ಕುವೈತ್ ಯುದ್ಧ ಮುಗಿದ ವರ್ಷದ ಚಳಿಗಾಲ. ನಾವು ಮಸ್ಕತ್ತಿನ ಹೊರಗೆ ಅಲ್ ಮವಾಲೇಹ್‌ನಲ್ಲಿದ್ದೆವು. ನನ್ನ ಯಜಮಾನರು ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಅಕೌಂಟೆಂಟು, ನಾನು ರುವಿಯ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಸೆಕ್ರೆಟರಿ. ಮದುವೆಗೆ ಮೊದಲು ಉಡುಪಿಯಲ್ಲಿ ಪಿಟೀಲು ಕಲಿತವಳು. ಕಲಿತದ್ದು ಕೈಬಿಟ್ಟು ಹೋಗುತ್ತದಲ್ಲ ಎಂಬ ಹಳಹಳಿ ಇದ್ದೇ ಇತ್ತು. ಆ ಚಳಿಗಾಲಕ್ಕೆ ನಾಲ್ಕು ವರ್ಷ ಮೊದಲು ಸೂಪರ್ ಮಾರ್ಕೆಟಿನ ಬೋರ್ಡಿನಲ್ಲಿ ಒಂದು ಚೀಟಿ ಕಂಡಿತು. ಅಲ್ಲಿದ್ದ ಇಂಗ್ಲಿಷರು, ಡಚ್ಚರು, ಗೋವೆಯವರು ಎಲ್ಲ ಸೇರಿ ಬಿಡುವಿನ ಹೊತ್ತಿಗೆಂದು ಕಟ್ಟಿಕೊಂಡ ಒಂದು ಆರ್ಕೆಸ್ಟ್ರಾ, ತಂತಿವಾದ್ಯದವರು ಬೇಕಾಗಿದ್ದಾರೆ ಎಂದು. ಹೋದೆ. ಅವರಿಗೆ ಪಿಟೀಲಿನವರು ಬೇಕಾದಷ್ಟು ಇದ್ದರು. ಚೆಲ್ಲೊದವಳು ಮಾತ್ರ ಒಬ್ಬಳೇ. ಊರು ಬಿಟ್ಟು ಹೋದ ಯಾರದೋ ಚೆಲ್ಲೊ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಆ ಒಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿನ್ನ ಬೆರಳು ಉದ್ದ ಇದೆ. ಬಾ, ಕಲಿಸುತ್ತೇನೆ,” ಎಂದಳು. ಅವಳೇ ಇಲೋನಾ.

ಇಲೋನಾ ಹಂಗೇರಿಯವಳು. ಗಂಡ ಪೀಟರ್ ಡಚ್ಚ. ನೆಲದಡಿಯ ನೀರು ಹುಡುಕುವ ಕಂಪೆನಿಯೊಂದರ ಎಂಜಿನಿಯರು, ರುಸ್ತಾಕ್ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ ಕೊರೆಸುತ್ತ ತಿರುಗುತ್ತಿದ್ದ. ಅವರ ಫ್ಲ್ಯಾಟು ನಮ್ಮ ಮನೆಯಿಂದ ಎರಡು ಬೀದಿ ಆಚೆ. ನಾಲ್ಕು ವರ್ಷ ವಾರಕ್ಕೆರಡು ಸಂಜೆ ಅವಳ ಎದುರು ಕುಳಿತು ಕಲಿತೆ. ನೆಲದಲ್ಲಿ ಕಾಲು ಮಡಚಿ ಪಿಟೀಲು ನುಡಿಸಿದವಳಿಗೆ ಕುರ್ಚಿಯಲ್ಲಿ ಕುಳಿತು ಕಮಾನು ಹಿಡಿಯುವುದೇ ಒಂದು ಸರ್ಕಸ್ಸು. ನಾನು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿದರೆ ಸಾಕು, “ಸುಲು, ಇದು ಜಾರುಬಂಡೆ ಅಲ್ಲ, ಮೆಟ್ಟಿಲು!” ಎಂದು ಕೂಗುತ್ತಿದ್ದಳು. ಒಳಗಿನ ಕೋಣೆಯಲ್ಲಿ ಪೀಟರ್ ಬಿದ್ದು ಬಿದ್ದು ನಗುತ್ತಿದ್ದ.

ಅವಳಿಗೆ ಪ್ರಾಣವಾಗಿದ್ದದ್ದು ಹದಿನೆಂಟನೇ ಶತಮಾನದ ಸಂಗೀತ. ಆ ಕಾಲದವರು ಒಂದು ಭಾಗವನ್ನು ಯಾವ ಭಾವಕ್ಕೆಂದು ಮೊದಲೇ ಗಟ್ಟಿಮಾಡಿಕೊಂಡು ಬರೆಯುತ್ತಿದ್ದರಂತೆ. ಇದು ಉಲ್ಲಾಸ, ಇದು ರೋಷ, ಇದು ದುಃಖ. ನುಡಿಸುವವರ ಕೆಲಸ ತಾವು ಅಳುತ್ತ ಕೂರುವುದಲ್ಲ, ಅದನ್ನು ಕೇಳುವವರ ಎದೆಗೆ ಮುಟ್ಟಿಸುವುದು. ಅದಕ್ಕೆ ಅವರ ಹತ್ತಿರ ಉಪಾಯಗಳಿದ್ದವು. ಉದ್ದದ ಒಂದು ಸ್ವರವನ್ನು ಏನೂ ಇಲ್ಲದಲ್ಲಿಂದ ಎತ್ತಿ, ತುಂಬಿಸಿ, ಮತ್ತೆ ಏನೂ ಇಲ್ಲದಲ್ಲಿಗೆ ಇಳಿಸುವುದು. ತಂತಿಯ ಮೇಲೆ ಬೆರಳು ನಡುಗಿಸುವುದನ್ನು ಉಪ್ಪಿನ ಹಾಗೆ ಬೇಕಾದಲ್ಲಿ ಮಾತ್ರ ಹಾಕುವುದು. ಎಲ್ಲಕ್ಕಿಂತ ಮುಖ್ಯ, ಆ ಪುಟ್ಟ ಸ್ವರ.

ಹಾಳೆಯ ಮೇಲೆ ದೊಡ್ಡ ಸ್ವರದ ಎದುರಿಗೆ ಇರುವೆಯಷ್ಟು ಪುಟ್ಟ ಸ್ವರವೊಂದು ಅಚ್ಚಾಗಿರುತ್ತದೆ. ಗೊತ್ತಿಲ್ಲದವರು ಅದನ್ನು ಟಕ್ಕೆಂದು ಮುಟ್ಟಿ ದೊಡ್ಡದಕ್ಕೆ ಹಾರುತ್ತಾರೆ. ಇಲೋನಾ ಹೇಳಿಕೊಟ್ಟದ್ದು ಬೇರೆ. ಇಂಥ ನಿಧಾನದ ಸಂಗೀತದಲ್ಲಿ ಅದನ್ನು ಪುಟ್ಟದಾಗಿ ಬರೆದದ್ದು ಹೊತ್ತು ಕಡಿಮೆ ಎಂದಲ್ಲ, ಅದು ಕೆಳಗೆ ತಗ್ಗು ಸ್ವರದಲ್ಲಿ ನಡೆಯುತ್ತಿರುವ ಬಾಸ್‌ಗೆ ಹೊಂದದ ಸ್ವರ ಎಂದು ತೋರಿಸಲಿಕ್ಕೆ. ದೊಡ್ಡ ಸ್ವರದ ಅರ್ಧ ಹೊತ್ತನ್ನು ಅದಕ್ಕೇ ಕೊಡಬೇಕು. ಕಮಾನಿನ ಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಆಮೇಲೆ ಮೆಲ್ಲಗೆ, ಉಸಿರು ಬಿಟ್ಟ ಹಾಗೆ, ಹೊಂದುವ ಸ್ವರಕ್ಕೆ ಇಳಿಯಬೇಕು. “ನೋವು ಮೊದಲು, ಜೋರಾಗಿ. ಸಮಾಧಾನ ಆಮೇಲೆ, ಮೆತ್ತಗೆ,” ಎನ್ನುತ್ತಿದ್ದಳು. ಹಾಗೆ ನುಡಿಸಿದರೆ ಅದು ನಿಟ್ಟುಸಿರು. ಟಕ್ಕೆಂದು ಮುಟ್ಟಿದರೆ ಬಿಕ್ಕಳಿಕೆ.

ನಮ್ಮ ಆರ್ಕೆಸ್ಟ್ರಾದ ಕಂಡಕ್ಟರ್ ಸಾಹೇಬರು ಬಿಕ್ಕಳಿಕೆಯ ಪಕ್ಷ. ಹೆಸರು ಪೆಂಬರ್ಟನ್, ಕೆಲಸ ಯಾವುದೋ ಬ್ಯಾಂಕಿನಲ್ಲಿ ದೊಡ್ಡದು. ವಾರಕ್ಕೊಮ್ಮೆ ಒಂದು ಶಾಲೆಯ ಹಾಲಿನಲ್ಲಿ ನಮ್ಮೆದುರು ಕೋಲು ಬೀಸುವುದು. ಅವರ ಪ್ರಕಾರ ಹದಿನೆಂಟನೇ ಶತಮಾನವೆಂದರೆ ಪೌಡರು ಹಾಕಿದ ವಿಗ್ಗು, ಮೇಣದ ಬತ್ತಿ, ಬಗ್ಗಿ ನಮಸ್ಕಾರ. ಎಲ್ಲವೂ ಚುರುಕಾಗಿ, ಚೊಕ್ಕವಾಗಿ ಇರಬೇಕು. ನಿಧಾನದ ಭಾಗವನ್ನೂ ಅವರು ಬಸ್ಸು ತಪ್ಪಿಹೋಗುತ್ತದೆಯೋ ಎಂಬಂತೆ ಓಡಿಸುತ್ತಿದ್ದರು.

ಆ ಚಳಿಗಾಲದ ಫೆಬ್ರವರಿಯಲ್ಲಿ ಒಂದು ದೊಡ್ಡ ಹೋಟೆಲಿನಲ್ಲಿ ನಮ್ಮ ಸಂಗೀತ ಕಚೇರಿ ಇತ್ತು. ಮೊದಲರ್ಧದಲ್ಲಿ ಆ ಕಾನ್ಸರ್ಟೊ, ಇಲೋನಾಳೇ ಮುಖ್ಯ ವಾದಕಿ. ನವೆಂಬರಿನಿಂದ ಅಭ್ಯಾಸ ನಡೆದಿತ್ತು. ಒಮಾನಿನಲ್ಲಿ ವರ್ಷವಿಡೀ ಬೆಂದವರಿಗೆ ಆ ತಿಂಗಳುಗಳೆಂದರೆ ಸ್ವರ್ಗ. ಕಿಟಕಿ ತೆರೆದಿಟ್ಟು ಮಲಗಬಹುದು, ಶುಕ್ರವಾರ ಬುತ್ತಿ ಕಟ್ಟಿಕೊಂಡು ಬರ್ಕಾದ ಕಡಲ ಬದಿಗೆ ಹೋಗಬಹುದು.

ಡಿಸೆಂಬರಿನ ಕೊನೆಗೆ ಮಳೆ ಬಂತು. ನಮ್ಮ ಊರಿನವರಿಗೆ ಅದು ಮಳೆಯೇ ಅಲ್ಲ. ಅಲ್ ಮವಾಲೇಹ್‌ನಲ್ಲಿ ಬರೇ ನಾಲ್ಕು ಹನಿ, ಮಕ್ಕಳು ಹೊರಗೆ ಓಡಿ ಕುಣಿದವು. ಆದರೆ ಗುಡ್ಡಗಳ ಮೇಲೆ ಸುರಿದಿತ್ತು. ಅಲ್ಲಿಯ ವಾದಿಗಳೆಂದರೆ ಒಣಗಿದ ಕಲ್ಲಿನ ಹೊಳೆಗಳು, ಎಷ್ಟೋ ಕಡೆ ರಸ್ತೆಯೇ ಅವುಗಳ ತಳದಲ್ಲಿ ಹಾದುಹೋಗುತ್ತದೆ. ಬಿಸಿಲಿರುವಾಗಲೇ ಮೇಲಿನಿಂದ ಗೋಡೆಯ ಹಾಗೆ ನೀರು ಬಂದುಬಿಡುತ್ತದೆ. ರುಸ್ತಾಕ್‌ನಿಂದಾಚೆ ಅಂಥದೊಂದು ವಾದಿಯಲ್ಲಿ ಪೀಟರನ ಜೀಪು ಕೊಚ್ಚಿಹೋಯಿತು. ಮರುದಿನ ಸಿಕ್ಕಿದ.

ಮಸ್ಕತ್ತಿನ ಗುಡ್ಡಗಳ ನಡುವಿನ ಕ್ರಿಶ್ಚಿಯನ್ ಸ್ಮಶಾನದಲ್ಲಿ ಹೂಳಿದರು. ನಾನೂ ಯಜಮಾನರೂ ಹೋಗಿದ್ದೆವು. ಕಂಪೆನಿಯ ಮ್ಯಾನೇಜರು ಕೋಟು ಹಾಕಿಕೊಂಡು ಬಂದು, ಪೀಟರ್ ಒಳ್ಳೆಯ ಕೆಲಸಗಾರ, ಆದರೆ ಹರಿಯುವ ವಾದಿ ದಾಟಬಾರದೆಂಬ ಸುರಕ್ಷತಾ ನಿಯಮವನ್ನು ನಾವೆಲ್ಲ ಮತ್ತೊಮ್ಮೆ ನೆನೆಯಬೇಕು ಎಂದ. ಹೆಂಡತಿಯೆದುರು, ಇನ್ನೂ ಮಣ್ಣು ಮುಚ್ಚದ ಗುಂಡಿಯೆದುರು! ನನಗೆ ಕೈಯಲ್ಲಿದ್ದ ಹೂವನ್ನು ಅವನ ಮುಖಕ್ಕೆ ಎಸೆಯುವ ಹಾಗಾಗಿತ್ತು. ಯಜಮಾನರು ನನ್ನ ತೋಳು ಹಿಡಿದುಕೊಂಡರು. ಬಂದವರೆಲ್ಲ ಇಲೋನಾಳ ಕೈ ಕುಲುಕಿ, “ಗಟ್ಟಿ ಇರು,” ಎಂದು ಹೇಳಿ ಕಾರು ಹತ್ತಿದರು. ಆಮೇಲೆ ಅವಳ ಮನೆಗೆ ಯಾರೂ ಹೋಗಲಿಲ್ಲ. ಅವಳನ್ನು ಒಬ್ಬಳೇ ಬಿಡುವುದು ಮರ್ಯಾದೆಯಂತೆ ಅವರಲ್ಲಿ.

ಇಲೋನಾ ಅಲ್ಲಿದ್ದದ್ದು ಗಂಡನ ಕೆಲಸದ ವೀಸಾದ ಮೇಲೆ. ಗಂಡ ಹೋದ, ವೀಸಾವೂ ಹೋಯಿತು. ಜನವರಿಯೊಳಗೆ ಹೊರಡಬೇಕೆಂದು ಕಂಪೆನಿ ಹೇಳಿತು. ಅವಳು ಹೋಗಿ ಕೈಮುಗಿದು ಬೇಡಿ, ಫೆಬ್ರವರಿಯ ಕಚೇರಿ ಮುಗಿಯುವ ತನಕ ಇರಲು ಒಪ್ಪಿಗೆ ತೆಗೆದುಕೊಂಡಳು. ಯಾಕೆಂದು ನನಗೆ ಮಾತ್ರ ಹೇಳಿದಳು.

“ಸುಲು, ಇಲ್ಲಿ ಪೀಟರನ ಬಗ್ಗೆ ಯಾರೂ ಮನಸ್ಸಿನಿಂದ ಏನೂ ಹೇಳಲಿಲ್ಲ. ನಾನು ಅವನನ್ನು ಈ ಮಣ್ಣಲ್ಲಿ ಬಿಟ್ಟು ಹೋಗುತ್ತಿದ್ದೇನೆ. ಹೋಗುವ ಮೊದಲು ಆ ಅಡಾಜಿಯೊವನ್ನು ಅವನಿಗಾಗಿ ನುಡಿಸಬೇಕು. ಮನೆಯಲ್ಲಿ ಒಬ್ಬಳೇ ದಿನಾ ನುಡಿಸುತ್ತೇನೆ, ಅದರಿಂದ ಏನೂ ಆಗುವುದಿಲ್ಲ. ಅದು ಕೇಳುವವರಿಗಾಗಿ ಮಾಡಿದ ಸಂಗೀತ. ಜನ ಕೂತು ಕೇಳಬೇಕು.”

ಅಡಾಜಿಯೊ ಎಂದರೆ ಆ ನಿಧಾನದ ಭಾಗ. ಅವಳು ಕೇಳಿದ್ದು ಅಷ್ಟೇ. ದುಡ್ಡಲ್ಲ, ದಯೆಯಲ್ಲ. ಹತ್ತು ನಿಮಿಷ ಜನ ಕೂತು ಕೇಳಬೇಕು.

ಜನವರಿಯ ಅಭ್ಯಾಸಕ್ಕೆ ಅವಳು ಬಂದಳು. ಮೊದಲ ಭಾಗ ಎಂದಿನಂತೆ ಆಯಿತು. ನಿಧಾನದ ಭಾಗ ಬಂದಾಗ ಅವಳು ಕೋಲಿನ ಕಡೆ ನೋಡಲೇ ಇಲ್ಲ. ಆ ಪುಟ್ಟ ಸ್ವರದ ಮೇಲೆ ಕಮಾನನ್ನು ಒರಗಿಸಿದಳು, ಬಿಡಲಿಲ್ಲ. ಹಿಂದೆ ಬಾಸ್ ನುಡಿಸುತ್ತಿದ್ದ ನನಗೆ ಮೈಯೆಲ್ಲ ಮುಳ್ಳೆದ್ದಿತು. ನನ್ನ ಸ್ವರಕ್ಕೆ ಅವಳ ಸ್ವರ ತಾಗಿ ನಿಂತಿತ್ತು. ನೋಯುತ್ತಿತ್ತು, ಇನ್ನು ತಡೆಯುವುದಿಲ್ಲ ಎನ್ನುವಾಗ ಇಳಿಯಿತು. ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಪಿಟೀಲಿನ ಸಾಲಿನಲ್ಲಿ ಇಂಗ್ಲಿಷ್ ನರ್ಸೊಬ್ಬಳು ಮಾತ್ರ ಕಮಾನು ಕೆಳಗಿಟ್ಟು ಬಿಕ್ಕತೊಡಗಿದಳು.

ಪೆಂಬರ್ಟನ್ ಸ್ಟ್ಯಾಂಡಿಗೆ ಕೋಲು ಕುಟ್ಟಿ ನಿಲ್ಲಿಸಿದರು. ಮುಖ ಕೆಂಪಗಾಗಿತ್ತು. “ಇಲ್ಲಿಗೆ ಸಾಕು ಇವತ್ತು,” ಎಂದರು.

ಮುಂದಿನ ವಾರ ಬರುವಷ್ಟರಲ್ಲಿ ಕಮಿಟಿ ಕೂತು ತೀರ್ಮಾನ ಮಾಡಿಯಾಗಿತ್ತು. ಕಾನ್ಸರ್ಟೊದ ನಿಧಾನದ ಭಾಗ ಬೇಡ, ಮೊದಲಿನದೂ ಕೊನೆಯದೂ ಸಾಕು, ಎರಡೂ ಲವಲವಿಕೆಯವು. ಇಲೋನಾಗೆ ಭಾರವೆನಿಸಿದರೆ ಪೂರ್ತಿ ವಿಶ್ರಾಂತಿ ತೆಗೆದುಕೊಳ್ಳಬಹುದು, ಎಲ್ಲರಿಗೂ ಅರ್ಥವಾಗುತ್ತದೆ. ಇದನ್ನು ಪೆಂಬರ್ಟನ್ ತುಂಬ ನಯವಾಗಿ ಹೇಳಿದರು. ನಯವಾಗಿ ಹೇಳಿದರೆ ಚೂರಿಯೂ ಬೆಣ್ಣೆಯಾಗುತ್ತದೆಂದು ತಿಳಿದಿದ್ದರೋ ಏನೋ.

ನಾನು ಬಿಡಲಿಲ್ಲ. ಎಲ್ಲರೂ ವಾದ್ಯ ಕಟ್ಟುತ್ತಿರುವಾಗ ಹೋಗಿ ಎದುರು ನಿಂತೆ. “ಯಾಕೆ ತೆಗೆದಿರಿ?”

“ಮಿಸೆಸ್ ಶೆಟ್ಟಿ, ಜನ ಟಿಕೆಟು ಕೊಂಡು ಬರುವುದು ಸಂತೋಷಕ್ಕೆ. ಅವರಿಗೆ ಮುಜುಗರ ಮಾಡಬಾರದು. ಮೇಲಾಗಿ ಅದು ಈ ಸಂಗೀತಕ್ಕೂ ನ್ಯಾಯವಲ್ಲ. ಹದಿನೆಂಟನೇ ಶತಮಾನದವರು ಸಭ್ಯರು. ನಾಲ್ಕು ಜನರೆದುರು ಅಳುವುದೆಲ್ಲ ನೂರು ವರ್ಷ ಆಮೇಲೆ ಬಂದದ್ದು.”

“ಆಗ ಯಾರ ಗಂಡನೂ ಸಾಯುತ್ತಿರಲಿಲ್ಲವೇ?”

“ವಿಷಯ ಅದಲ್ಲ.”

“ಅದೇ ವಿಷಯ. ಅವಳು ಅಳಲಿಲ್ಲ ಮಿಸ್ಟರ್ ಪೆಂಬರ್ಟನ್. ಹಾಳೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ನುಡಿಸಿದಳು. ಅತ್ತದ್ದು ಕೇಳಿದವರು. ಅದನ್ನು ಬರೆದವನು ಬರೆದದ್ದೇ ಅದಕ್ಕೆ!”

ಅವರು ನನ್ನನ್ನು ನೋಡಿ ಮುಗುಳ್ನಕ್ಕರು. “ನಿಮ್ಮ ಸಂಗೀತದಲ್ಲಿ ಬಹುಶಃ ಬೇರೆ ಪದ್ಧತಿ ಇರಬಹುದು,” ಎಂದರು. ಆ ಮುಗುಳ್ನಗೆಯನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ದುಃಖ ಎಂಬುದೇನು ನಾವು ಊರಿನಿಂದ ಉಪ್ಪಿನಕಾಯಿಯ ಜೊತೆ ಕಟ್ಟಿಕೊಂಡು ಬಂದ ಪದ್ಧತಿಯೇ?

ಇಲೋನಾ ಜಗಳವಾಡಲಿಲ್ಲ. ಹಾಳೆಗಳನ್ನು ಮಡಚಿ ಅವರ ಕೈಗೆ ಕೊಟ್ಟು, “ಹಾಗಾದರೆ ಯಾವ ಭಾಗವೂ ಬೇಡ,” ಎಂದಳು. ಕಚೇರಿಗೆಂದು ಸಿಕ್ಕಿದ್ದ ಒಪ್ಪಿಗೆಗೆ ಇನ್ನು ಕಾರಣವೇ ಉಳಿಯಲಿಲ್ಲ. ಕಂಪೆನಿ ಶನಿವಾರಕ್ಕೆ ಟಿಕೆಟು ಕಳಿಸಿತು. ನಾನೂ ಆ ಹಾಲಿಗೆ ಮತ್ತೆ ಹೋಗಲಿಲ್ಲ. ಎರಡೂ ಚೆಲ್ಲೊ ಇಲ್ಲದೆ ಬಾಸ್ ಯಾರು ನುಡಿಸಿದರೋ, ಆ ಸಭ್ಯರಿಗೇ ಗೊತ್ತು.

ಮನೆಗೆ ಬಂದು ಒಂದು ಪಾತ್ರೆಯನ್ನು ನೆಲಕ್ಕೆ ಕುಕ್ಕಿದೆ. ಯಜಮಾನರು ಟಿವಿ ಸಣ್ಣ ಮಾಡಿ, “ಆ ಭಾಗಕ್ಕೆ ಎಷ್ಟು ಜನ ಬೇಕು ನುಡಿಸ್ಲಿಕ್ಕೆ?” ಎಂದು ಕೇಳಿದರು. ಸಂಗೀತದ ಗಂಧಗಾಳಿ ಇಲ್ಲದ ಮನುಷ್ಯ, ಸುಮ್ಮನೆ ನನ್ನನ್ನು ಸಮಾಧಾನ ಮಾಡಲು ಕೇಳಿದ್ದು. ನಾನು ಯೋಚಿಸಿದೆ. ಆ ಕಾಲದ ಸಂಗೀತದ ಅಸ್ತಿವಾರವೇ ಮೇಲೊಂದು ಹಾಡು, ಕೆಳಗೊಂದು ಬಾಸ್. ನಡುವೆ ತುಂಬುವ ಪಿಟೀಲುಗಳು ಇದ್ದರೆ ಚಂದ, ಇಲ್ಲದಿದ್ದರೂ ನಿಲ್ಲುತ್ತದೆ. ಅವಳು ಹಾಡು, ನಾನು ಬಾಸ್. ಪೆಂಬರ್ಟನ್ನೂ ಬೇಡ, ಅವರ ಕೋಲೂ ಬೇಡ! ಕೇಳುವ ಜನ ಮಾತ್ರ ಬೇಕು.

ಜನ ನಮ್ಮಲ್ಲಿಲ್ಲವೇ? ಪ್ರತಿ ಶುಕ್ರವಾರ ನಮ್ಮ ಊರಿನ ಕಡೆಯ ಮನೆಗಳವರೆಲ್ಲ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಭಜನೆಗೆ ಸೇರುತ್ತಿದ್ದೆವು. ಆ ಶುಕ್ರವಾರ ನಮ್ಮ ಮನೆಯ ಸರದಿ. ನಾನು ನೆಟ್ಟಗೆ ವಿಮಲಕ್ಕನ ಮನೆಗೆ ಹೋದೆ. ವಿಮಲಕ್ಕ ಪುತ್ತೂರಿನವರು, ನಮ್ಮೆಲ್ಲರಿಗಿಂತ ಹಿರಿಯರು, ಅವರು ಹೂಂ ಅಂದರೆ ಎಲ್ಲರೂ ಹೂಂ. ಭಜನೆ ಮುಗಿದ ಮೇಲೆ ಹತ್ತು ನಿಮಿಷ ನನ್ನ ಸ್ನೇಹಿತೆಯ ಸಂಗೀತ ಕಾರ್ಯಕ್ರಮ ಇಟ್ಟುಕೊಳ್ಳೋಣ ಎಂದೆ.

“ಯಾರು, ಆ ಉದ್ದ ಪಿಟೀಲಿನ ಬಿಳಿ ಹೆಂಗಸಾ?” ವಿಮಲಕ್ಕ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು. “ಅವಳ ಗಂಡ ಹೋಗಿ ಎರಡು ತಿಂಗಳಾಗ್ಲಿಲ್ಲ ಅಲ್ವಾ ಸುಲೋಚನಾ?”

“ಹೌದು. ಅದಕ್ಕೇ.”

“ಅಯ್ಯೋ, ಬೇಡ ಮಾರಾಯ್ತಿ. ದೇವರ ದೀಪ ಹಚ್ಚಿದಲ್ಲಿ, ಕುಂಕುಮ ಕೊಡುವಲ್ಲಿ, ಗಂಡ ಸತ್ತವಳು ಕೂತು ಅಳುವ ಸ್ವರ ಬಾರಿಸುವುದಾ? ಚಿಕ್ಕ ಚಿಕ್ಕ ಮಕ್ಕಳಿರ್ತಾರೆ. ಸರಿ ಕಾಣ್ಲಿಕ್ಕಿಲ್ಲ.”

ನನ್ನ ತಲೆ ಗಿರ್ರೆಂದಿತು. ಅಲ್ಲಿ ಬಿಳಿಯರಿಗೆ ಮುಜುಗರ, ಇಲ್ಲಿ ನಮ್ಮವರಿಗೆ ಅಪಶಕುನ. ಆ ಹೆಂಗಸು ಎಲ್ಲಿಗೆ ಹೋಗಬೇಕು? “ನಿಮಗೂ ಅವರಿಗೂ ಎಂತ ವ್ಯತ್ಯಾಸ ಉಂಟು ವಿಮಲಕ್ಕ?” ಎಂದು ಚೀರಿದೆ. “ಅವರು ಕೋಟು ಹಾಕಿಕೊಂಡು ಬೇಡ ಅಂದರು, ನೀವು ಕುಂಕುಮ ಹಚ್ಚಿಕೊಂಡು ಬೇಡ ಅಂತೀರಿ! ಅವನನ್ನು ಹೂತು ಬಂದ ದಿನದಿಂದ ಇವತ್ತಿನ ತನಕ ನಾನೊಬ್ಬಳು ಬಿಟ್ಟರೆ ಒಂದು ನರಪಿಳ್ಳೆ ಅವಳ ಮನೆಯ ಮೆಟ್ಟಿಲು ಹತ್ತಿಲ್ಲ!”

ವಿಮಲಕ್ಕನಿಗೆ ಸಿಟ್ಟು ಬರುತ್ತದೆಂದುಕೊಂಡೆ. ಅವರು ಬೆಚ್ಚಿದರು. “ಎಂತ? ಯಾರೂ ಹೋಗ್ಲಿಲ್ಲವಾ? ಸಾವಾದ ಮನೆಗೆ?”

“ಯಾರೂ ಇಲ್ಲ.”

“ನೀನು ನಮಗೆ ಹೇಳ್ಲಿಕ್ಕಾಗ್ಲಿಲ್ಲವಾ? ಅವರಲ್ಲಿ ಅವರದ್ದೇ ಜನ ಇರ್ತಾರೆ, ನಾವ್ಯಾಕೆ ನಡುವೆ ಅಂತ ಗ್ರಹಿಸಿದ್ದು ನಾನು. ನಮ್ಮ ಹತ್ತಿರದಲ್ಲೇ ಒಂದು ಸಾವಾಗಿ, ನಾವು ಹೋಗಿ ಮುಖ ತೋರಿಸ್ಲಿಲ್ಲ ಅಂದ್ರೆ! ಛೆ!” ಅವರು ಎದ್ದೇಬಿಟ್ಟರು. “ಭಜನೆಗೆ ಅವಳನ್ನು ಕರೀಬೇಡ. ನಾವೇ ಅಲ್ಲಿಗೆ ಹೋಗುವ. ಅಲ್ಲಿ ಅವಳು ಎಂತ ಬೇಕಾದ್ರೂ ಬಾರಿಸ್ಲಿ, ಅಳ್ಲಿ. ಅದು ಅವಳ ಮನೆ.”

“ಸತ್ತು ಇಷ್ಟು ದಿನವಾಯ್ತಲ್ಲ, ಈಗ ಹೋಗುವುದಾ?” ಎಂದೆ.

“ಜನ ಹೋಗದೆ ಆ ಮನೆಯಲ್ಲಿ ಸಾವಿನ ದಿನ ಲೆಕ್ಕ ಶುರುವಾಗೋದು ಹೇಗೆ? ಶುಕ್ರವಾರ ಮಧ್ಯಾಹ್ನ ಎಲ್ಲರೂ ಹೊರಡುವ. ನಾನು ಫೋನ್ ಮಾಡ್ತೇನೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಕರೆದದ್ದು ಸಂಗೀತ ಕಾರ್ಯಕ್ರಮಕ್ಕೆ. ಅದಕ್ಕೆ ಬಾಗಿಲು ಮುಚ್ಚಿತ್ತು. ಸಾವಿಗೆ ಬನ್ನಿ ಎಂದಿದ್ದರೆ ಮೊದಲ ದಿನವೇ ಬರುತ್ತಿದ್ದರು. ಹಾಗೆಂದು ನನ್ನ ಸಿಟ್ಟೇನೂ ಇಳಿಯಲಿಲ್ಲ. ಎರಡು ಬೀದಿ ಆಚೆ ಒಬ್ಬಳು ಒಂಟಿಯಾಗಿ ಕೂತಿದ್ದಾಳೆಂದು ತಿಳಿಯಲು ಇವರಿಗೆ ನಾನು ಹೋಗಿ ಅರಚಬೇಕಾಯಿತಲ್ಲ!

ಶುಕ್ರವಾರ ಬೆಳಿಗ್ಗೆ ಯಜಮಾನರು ಮೀನಿಗೆಂದು ಬರ್ಕಾಕ್ಕೆ ಹೋದವರು ಇಬ್ರಾಹಿಂ ಬ್ಯಾರಿಯನ್ನು ಕರೆದುಕೊಂಡೇ ಬಂದರು. ಬಂಟ್ವಾಳದ ಕಡೆಯವರು, ಬರ್ಕಾದ ಹೆದ್ದಾರಿಯಲ್ಲಿ ಅವರದೊಂದು ಅಂಗಡಿ. ರುಸ್ತಾಕ್‌ಗೆ ಹೋಗುವಾಗ ಪೀಟರ್ ಅಲ್ಲಿ ನಿಲ್ಲಿಸದೆ ಹೋದದ್ದೇ ಇಲ್ಲವಂತೆ. ಅವತ್ತು ಯಜಮಾನರು ಅಂಗಡಿಯಲ್ಲಿ ಸಾವಿನ ಮಾತು ತೆಗೆಯುವ ತನಕ ನಮಗದು ಗೊತ್ತಿರಲಿಲ್ಲ.

ಇಲೋನಾಳ ಫ್ಲ್ಯಾಟಿನಲ್ಲಿ ಕುರ್ಚಿ ಮೇಜುಗಳೆಲ್ಲ ಮಾರಿಹೋಗಿದ್ದವು. ಎರಡು ಕುರ್ಚಿ ಉಳಿಸಿಕೊಂಡಿದ್ದಳು, ನಮಗಿಬ್ಬರಿಗೆ. ಜನ ಬರುತ್ತಾರೆಂದು ನಾನು ಹೇಳಿದ್ದರಿಂದ ಅಡಿಗೆಮನೆಯ ಕಟ್ಟೆಯ ಮೇಲೆ ಕಾಫಿ, ಬಿಸ್ಕತ್ತು ಜೋಡಿಸಿದ್ದಳು. ನಮ್ಮವರು ಒಬ್ಬೊಬ್ಬರಾಗಿ ಒಳಗೆ ಬಂದರು. ಹೆಂಗಸರು ಸಾದಾ ಸೀರೆಯಲ್ಲಿ, ತಲೆಯಲ್ಲಿ ಹೂವಿಲ್ಲದೆ. ಗೋಡೆಗೊರಗಿ ನೆಲದಲ್ಲಿ ಕುಳಿತರು. ವಿಮಲಕ್ಕ ಇಲೋನಾಳ ಪಕ್ಕಕ್ಕೆ ಹೋಗಿ ಅವಳ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದು ಕೂತುಬಿಟ್ಟರು. ಕಾಫಿಯನ್ನು ಯಾರೂ ಮುಟ್ಟಲಿಲ್ಲ.

ಇಬ್ರಾಹಿಂ ಬ್ಯಾರಿ ಬಾಗಿಲ ಹತ್ತಿರ ನಿಂತಿದ್ದವರು ನನ್ನ ಕಡೆ ತಿರುಗಿ, “ನೀವು ಇಂಗ್ಲಿಷಲ್ಲಿ ಹೇಳಿ ಇವರಿಗೆ. ಆ ದಿನ ಪೀಟರ್ ಸಾಬ್ ಕೊನೆಗೆ ನಿಂತದ್ದು ನನ್ನ ಅಂಗಡಿಯಲ್ಲಿ. ಗುಡ್ಡದ ಮೇಲೆ ಕಪ್ಪಾಗಿತ್ತು. ಸಾಬ್, ಇವತ್ತು ಹೋಗ್ಬೇಡಿ ಅಂದೆ. ಮೇಲಿನ ಹಳ್ಳಿಯಲ್ಲಿ ಬೋರ್ ಹಾಕ್ಲಿಕ್ಕೆ ಹೋದ ನಾಲ್ಕು ಜನ ಸಿಕ್ಕಿಬಿದ್ದಿದ್ದಾರೆ, ಕರ್ಕೊಂಡು ಬರ್ತೇನೆ ಅಂದ್ರು. ಮಸ್ತಿಗೆ ದಾಟಿದ್ದಲ್ಲ ಅವರು. ಇದನ್ನು ಹೇಳ್ಬೇಕೂಂತ ಅವತ್ತಿಂದ ಕಾಯ್ತಾ ಇದ್ದೆ, ಯಾರ ಹತ್ರ ಹೇಳುದು? ಮನೆ ಎಲ್ಲಿ ಅಂತ ಗೊತ್ತಿಲ್ಲ,” ಎಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಕಂಪೆನಿಯ ಮ್ಯಾನೇಜರನಿಗೆ ಇದು ಗೊತ್ತಿರಲಿಲ್ಲವೇ? ಆ ನಾಲ್ಕು ಜನರೂ ಅವನ ಕೆಲಸದವರೇ. ಗುಂಡಿಯ ಬದಿಯಲ್ಲಿ ನಿಂತು ನಿಯಮ ಓದಿದನಲ್ಲ ಆ ಮಹಾನುಭಾವ!

ಇಲೋನಾ ಎದ್ದು ಚೆಲ್ಲೊ ತೆಗೆದುಕೊಂಡಳು. ನಾನೂ ಕೂತೆ. ನುಡಿಸಿದೆವು. ಖಾಲಿ ಕೋಣೆಯಾದ್ದರಿಂದ ಸ್ವರ ಗೋಡೆಗೋಡೆಗೆ ಹೋಗಿ ತಿರುಗಿ ಬರುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಪ್ರತಿ ನಿಟ್ಟುಸಿರಿಗೂ ಅದರ ಪೂರ್ತಿ ಹೊತ್ತು ಕೊಟ್ಟಳು. ನಮ್ಮವರಿಗೆ ಆ ಸಂಗೀತ ಅರ್ಥವಾಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಮೂಲೆಯಲ್ಲಿ ಒಬ್ಬರು ತೂಕಡಿಸಿದರು, ಒಂದು ಮಗು “ಮಮ್ಮೀ, ವೆನ್ ವಿಲ್ ಇಟ್ ಫಿನಿಶ್?” ಎಂದು ಕೇಳಿ ಗದರಿಸಿಕೊಂಡಿತು. ಆದರೆ ಯಾರೂ ಏಳಲಿಲ್ಲ. ಯಾರಿಗೂ ಮುಜುಗರವಾಗಲಿಲ್ಲ. ವಿಮಲಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಧಾರಾಳವಾಗಿ ಅತ್ತರು, ಪೀಟರನನ್ನು ಒಂದು ದಿನವೂ ಕಾಣದವರು.

ಮುಗಿಯಿತು. ಆಮೇಲೆ ವಿಮಲಕ್ಕ ಎದ್ದು, ಇಲೋನಾಳ ತಲೆ ಸವರಿ, ತಿರುಗಿ ನೋಡದೆ ಹೊರಗೆ ಹೋದರು. ಒಬ್ಬೊಬ್ಬರೇ ಹಾಗೆಯೇ ಎದ್ದು ಹೋದರು. ಚಪ್ಪಾಳೆ ಇಲ್ಲ, ಕೈಕುಲುಕುವುದಿಲ್ಲ, ಒಂದು ಬೈ ಬೈ ಇಲ್ಲ. ನನ್ನ ಯಜಮಾನರು, ಇಬ್ರಾಹಿಂ ಬ್ಯಾರಿ ಕೂಡ ತಲೆ ತಗ್ಗಿಸಿ ಮೆಟ್ಟಿಲಿಳಿದರು.

ಇಲೋನಾಳ ಮುಖ ಬಿಳಿಚಿಕೊಂಡಿತು. “ಅವರಿಗೂ ಇಷ್ಟವಾಗಲಿಲ್ಲ. ಕಾಫಿ ಕುಡಿಯಲಿಲ್ಲ, ಹೇಳಿ ಕೂಡ ಹೋಗಲಿಲ್ಲ,” ಎಂದಳು. ಅಷ್ಟು ದಿನ ಅಳದವಳ ದನಿ ಆಗ ಒಡೆಯಿತು.

“ಅಯ್ಯೋ ಹುಚ್ಚಿ!” ಎಂದೆ. “ನಮ್ಮಲ್ಲಿ ಸಾವಿನ ಮನೆಯಿಂದ ಯಾರೂ ಹೇಳಿ ಹೋಗುವುದಿಲ್ಲ. ಬೇರೆ ದಿನ ಹೊರಡುವಾಗ ಹೋಗುತ್ತೇನೆ ಅನ್ನಬಾರದು, ಬರ್ತೇನೆ ಅನ್ನಬೇಕು. ಸಾವಿನ ಮನೆಯಲ್ಲಿ ಮಾತ್ರ ಬರ್ತೇನೆ ಅನ್ನಬಾರದು. ಇಂಥದಕ್ಕೆ ಈ ಮನೆಗೆ ಮತ್ತೆ ಬರುವ ಹಾಗೆ ಆಗದಿರಲಿ ಅಂತ. ಅಲ್ಲಿ ಏನೂ ಕುಡಿಯುವುದೂ ಇಲ್ಲ. ಅವರು ನಿನ್ನ ಕಚೇರಿಗೆ ಬಂದದ್ದಲ್ಲ ಇಲೋನಾ. ಪೀಟರ್ ಸತ್ತದ್ದಕ್ಕೆ ಬಂದದ್ದು.”

ಅವಳು ನೆಲದ ಮೇಲೆ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ನಾನೂ ಅವಳ ಜೊತೆ ಕೂತು ಅತ್ತೆ. ಕಿಟಕಿಗಳೆಲ್ಲ ತೆರೆದಿದ್ದವು, ಬೀದಿಗೆ ಕೇಳಿಸಿರಬಹುದು. ಕೇಳಿಸಲಿ ಎಂದೇ ನಾನು ಮುಚ್ಚಲಿಲ್ಲ.

ಮರುದಿನ ಸೀಬ್ ಏರ್‌ಪೋರ್ಟಿಗೆ ನಾವೇ ಬಿಟ್ಟೆವು. ಕಂಪೆನಿಯಿಂದ ಒಬ್ಬ ಆಳು ಬಂದಿದ್ದ, ಅವಳು ಹೊರಟದ್ದು ಖಾತ್ರಿ ಮಾಡಿಕೊಂಡು ಹೋಗಲಿಕ್ಕೆ. ಅವನು ಅವಳ ಪಾಸ್‌ಪೋರ್ಟು ಕೈಗೆ ಕೊಟ್ಟು, “ಖಲಾಸ್, ಮೇಡಂ?” ಎಂದ. ಅವಳು ನನ್ನನ್ನು ತಬ್ಬಿಕೊಂಡಳು. ಚೆಲ್ಲೊ ಬೆನ್ನಿಗೇರಿಸಿದಳು. ಒಂದು ಮಾತೂ ಆಡದೆ, ತಿರುಗಿ ನೋಡದೆ, ಒಳಗಿನ ಬಾಗಿಲ ಕಡೆಗೆ ನಡೆದುಬಿಟ್ಟಳು.

ನನಗೆ ಒಂದು ಕ್ಷಣ ಏನೆಂದು ತಿಳಿಯಲಿಲ್ಲ. ತಿಳಿದಾಗ ಬಂದ ಸಿಟ್ಟು ಆ ಇಡೀ ಚಳಿಗಾಲದಲ್ಲಿ ಬಂದದ್ದಕ್ಕಿಂತ ದೊಡ್ಡದು. “ಇಲೋನಾ!” ಎಂದು ಕಿರುಚಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. “ನಾನು ಸತ್ತಿಲ್ಲ! ನನಗೆ ಹೇಳದೆ ಹೋಗಬೇಡ!”

ಅವಳು ನಿಂತಳು. ಪೊಲೀಸಿನವನು ಯಲ್ಲಾ ಯಲ್ಲಾ ಎಂದು ಅವಸರ ಮಾಡುತ್ತಿದ್ದ. ಅವಳು ಅಲ್ಲಿಂದಲೇ ಕೂಗಿ ಕೇಳಿದಳು, “ಏನು ಹೇಳಬೇಕಂದೆ? ಆ ಮಾತು ಯಾವುದು?”

“ಬರ್ತೇನೆ!”

ಅವಳು ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ನನ್ನ ತಲೆಯ ಮೇಲಿಂದ ಆಚೆಗೆ, ಗಾಜಿನ ಹೊರಗೆ, ಬಿಸಿಲಿನಲ್ಲಿ ಕಾಣುತ್ತಿದ್ದ ಗುಡ್ಡಗಳ ಕಡೆ ನೋಡಿ, “ಬರ್ತೇನೆ,” ಎಂದಳು. ಬರಲು ಅವಳಿಗೆ ಆ ದೇಶದಲ್ಲಿ ಇನ್ನು ಯಾವ ಕಫೀಲನೂ ಇರಲಿಲ್ಲ, ವೀಸಾ ಕೊಡುವವರು ಯಾರೂ ಇರಲಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಗಂಡನನ್ನು ಆ ಮಣ್ಣಿನಲ್ಲಿ ಬಿಟ್ಟು ಹೊರಟವಳು ಹೋಗುತ್ತೇನೆ ಎಂದು ಹೇಗೆ ತಾನೆ ಹೇಳಿಯಾಳು?